ಪಥ್ಯ ಹೇಳಲು ಹೊರಟವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಕಾಲೇಜುಗಳಲ್ಲಿ ಗೃಹವಿಜ್ಞಾನ, ಆಹಾರವಿಜ್ಞಾನ ಹಾಗೂ ಪೋಷಣಶಾಸ್ತ್ರಗಳನ್ನು ಓದುತ್ತ ಪದವಿಯ ಕೊನೆಯ ವರ್ಷಕ್ಕೆ ಬಂದಿರುವ ವಿದ್ಯಾರ್ಥಿನಿಯರಿಗೂ ವಿದ್ಯಾರ್ಥಿಗಳಿಗೂ:



ಪದವಿ ಮುಗಿದ ಮೇಲೆ ಮತ್ತೆರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗ, ಅದರ ಬೆನ್ನಿಗೆ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಇಂಟರ್ನ್‌ಷಿಪ್, ಅದೂ ಸಾಲದೆಂಬಂತೆ ಕಡೆಯಲ್ಲೊಂದು ಪರೀಕ್ಷೆ, ಇಷ್ಟನ್ನೆಲ್ಲ ದಾಟಿ ನೋಂದಾಯಿತ ಡಯಟೀಷಿಯನ್ ಎನಿಸಿಕೊಳ್ಳುವುದರಿಂದ ಆಗತಕ್ಕ ಪ್ರಯೋಜನವೇನು, ಕೆಲವೇ ವಾರಗಳ ಪ್ರಮಾಣಪತ್ರವೊಂದನ್ನು ಪಡೆದು ಬಾಗಿಲಿಗೆ ಬೋರ್ಡು ಹಾಕಿಕೊಂಡು ಪಥ್ಯ ಹೇಳುತ್ತಿರುವವರು ಊರೂರಿನಲ್ಲಿಯೂ ಇದ್ದಾರಲ್ಲ ಎಂಬ ಪ್ರಶ್ನೆಯನ್ನು ನಿಮ್ಮಲ್ಲಿ ಅನೇಕರು ನಿಮ್ಮ ಅಧ್ಯಾಪಕಿಯರ ಮುಂದೆ ಇಟ್ಟಿರುವಿರಿ; ಕೆಲವರು ನನ್ನ ಮುಂದೆಯೂ ಇಟ್ಟಿರುವಿರಿ. ಪ್ರಶ್ನೆ ನ್ಯಾಯವಾದುದು. ಮನೆಯಲ್ಲಿ ಹಣದ ಅನುಕೂಲವಿಲ್ಲದವರೂ, ಓದು ಮುಗಿಯುವುದನ್ನೇ ಕಾಯುತ್ತಿರುವ ಹಿರಿಯರು ಇರುವವರೂ ಇದನ್ನು ಕೇಳದೆ ಇರುವುದು ಹೇಗೆ? ಆದ್ದರಿಂದ ಇದಕ್ಕೆ ಗದರಿಕೆಯ ಉತ್ತರವನ್ನಾಗಲಿ ಸಮಾಧಾನದ ಉತ್ತರವನ್ನಾಗಲಿ ಕೊಡದೆ, ಆಸ್ಪತ್ರೆಯ ಪಥ್ಯಾಹಾರ ವಿಭಾಗದಲ್ಲಿ ಬಹುಕಾಲ ದುಡಿದು, ಆ ಮೇಲೆ ಪಾಠವನ್ನೂ ಹೇಳಿದ ನನಗೆ ನಿಜವೆಂದು ಕಂಡದ್ದನ್ನು ಬಿಚ್ಚಿ ಹೇಳುತ್ತೇನೆ. ಈ ದಾರಿಯಲ್ಲಿ ಬಿಡಬಹುದಾದ ಭಾಗ ಯಾವುದೂ ಇಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಅದರಲ್ಲಿಯೂ ನೀವು ಎಲ್ಲಕ್ಕಿಂತ ಬೇಸರದ್ದೆಂದು ಎಣಿಸಿರುವ ಆ ಇಂಟರ್ನ್‌ಷಿಪ್ಪಿನ ತಿಂಗಳುಗಳೇ ಈ ವಿದ್ಯೆಯ ತಿರುಳೆಂದು ನಾನು ತಿಳಿದಿದ್ದೇನೆ.

ದಾರಿಯ ವಿವರವನ್ನು ಮೊದಲು ಚುಟುಕಾಗಿ ಹೇಳಿಬಿಡುವುದು ಒಳ್ಳೆಯದು. ಭಾರತೀಯ ಪಥ್ಯಾಹಾರ ತಜ್ಞರ ಸಂಘ, ಅಂದರೆ ನೀವೆಲ್ಲರೂ ಐಡಿಎ ಎಂದು ಕರೆಯುವ ಇಂಡಿಯನ್ ಡಯಟಿಟಿಕ್ ಅಸೋಸಿಯೇಷನ್, ಸ್ಥಾಪನೆಯಾದದ್ದು 1963ರಲ್ಲಿ. ಅದರ ಮೊದಲ ಅಧ್ಯಕ್ಷರಾಗಿದ್ದವರು ನಮ್ಮ ದೇಶದ ಪೋಷಣಶಾಸ್ತ್ರದ ಹಿರಿಯರಾದ ಡಾ. ಸಿ. ಗೋಪಾಲನ್ ಅವರು. ಆಹಾರ ಮತ್ತು ಪೋಷಣೆ, ಡಯಟಿಟಿಕ್ಸ್ ಮೊದಲಾದ ವಿಷಯಗಳಲ್ಲಿ ಸ್ನಾತಕೋತ್ತರ ಪದವಿಯನ್ನೋ, ಸಂಬಂಧಪಟ್ಟ ಪದವಿಯ ಮೇಲೆ ಡಯಟಿಟಿಕ್ಸ್ ಸ್ನಾತಕೋತ್ತರ ಡಿಪ್ಲೊಮಾವನ್ನೋ ಪಡೆದು, ಆಸ್ಪತ್ರೆಯೊಂದರಲ್ಲಿ ಹಿರಿಯರ ಮೇಲ್ವಿಚಾರಣೆಯ ಕೆಳಗೆ ನಿಗದಿಯಾದಷ್ಟು ಕಾಲ ಕೆಲಸ ಮಾಡಿ, ಸಂಘದ ನೋಂದಣಿ ಮಂಡಳಿಯು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಆರ್‌ಡಿ ಎಂಬ ಎರಡಕ್ಷರ ದೊರೆಯುತ್ತದೆ. ಯಾವ ಪದವಿಗೆ ಎಷ್ಟು ತಿಂಗಳ ತರಬೇತಿ, ಎಂತಹ ಆಸ್ಪತ್ರೆ ಸಲ್ಲುತ್ತದೆ ಎಂಬ ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ಹಿಂದಿನ ವರ್ಷದ ಅಕ್ಕಂದಿರು ಹೇಳಿದ್ದನ್ನು ನಂಬಿ ಕೂರದೆ ಆಯಾ ವರ್ಷದ ಪ್ರಕಟಣೆಯನ್ನು ನೀವೇ ಓದತಕ್ಕದ್ದು.

ಇನ್ನು ನಿಮ್ಮ ಕೈಯಲ್ಲಿ ಸದಾ ಇರುವ ಆಹಾರ ಸಂಯೋಜನೆಯ ಕೋಷ್ಟಕಗಳ ಮಾತು. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಸೇನಾವೈದ್ಯರು ನೀಲಗಿರಿಯ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗಾಗಿ ಆರಂಭಿಸಿದ ಪುಟ್ಟ ಪ್ರಯೋಗಶಾಲೆಯು ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ಎನಿಸಿಕೊಂಡಿದೆ. ಅದು ಕೂನೂರಿನಲ್ಲಿದ್ದಾಗಲೇ ಏಕ್ರಾಯ್ಡ್ ಎಂಬ ವಿಜ್ಞಾನಿ 1937ರಲ್ಲಿ ಹೊರತಂದ ಸಣ್ಣ ಪುಸ್ತಿಕೆಯನ್ನು ಗೋಪಾಲನ್, ರಾಮಶಾಸ್ತ್ರಿ, ಬಾಲಸುಬ್ರಹ್ಮಣ್ಯನ್ ಅವರು 1971ರಲ್ಲಿ ಹೊಸದಾಗಿ ರೂಪಿಸಿದರು. 2017ರಲ್ಲಿ ಬಂದ ಈಗಿನ ಕೋಷ್ಟಕದಲ್ಲಿ 528 ಆಹಾರಪದಾರ್ಥಗಳ ವಿಶ್ಲೇಷಣೆ ಇದೆ. ಒಂದೊಂದು ಅಂಕಿಯ ಹಿಂದೆಯೂ ಯಾರೋ ಒಬ್ಬರು ಪ್ರಯೋಗಶಾಲೆಯಲ್ಲಿ ಒಣಗಿಸಿ, ಸುಟ್ಟು, ಕರಗಿಸಿ, ತೂಗಿ ನೋಡಿದ ಶ್ರಮವಿದೆ. ಆ ಪುಸ್ತಕವನ್ನು ನಾನು ಪೂಜ್ಯಭಾವದಿಂದಲೇ ಕಾಣುತ್ತೇನೆ. ಆದರೆ ರಾಗಿಯ ಸಾಲಿನಲ್ಲಿ ಕಾಣುವುದು ರಾಗಿಯೇ ಹೊರತು ಮುದ್ದೆಯಲ್ಲ. ಮುದ್ದೆಯ ಗಾತ್ರವನ್ನು ನಿರ್ಣಯಿಸುವವಳು ಒಲೆಯ ಮುಂದೆ ಕೋಲು ಹಿಡಿದು ತಿರುವುವ ತಾಯಿ. ಅವಳ ಬಳಿಗೆ ಹೋಗುವ ದಾರಿಯನ್ನು ಪುಸ್ತಕ ಹೇಳಲಾರದು.

ಒಂದು ಪ್ರಸಂಗವನ್ನು ವಿವರವಾಗಿ ಹೇಳುವೆನು, ಏಕೆಂದರೆ ನಾನು ಹೇಳಬೇಕೆಂದಿರುವುದೆಲ್ಲ ಅದರಲ್ಲಿಯೇ ಅಡಗಿದೆ. ಮೂತ್ರಪಿಂಡ ಕೆಟ್ಟವರ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆಂಬುದೂ, ಆರೋಗ್ಯವಂತರಲ್ಲಿ ಅದು ಲೀಟರಿಗೆ ಸುಮಾರು 3.5ರಿಂದ 5 ಮಿಲಿ ಈಕ್ವಿವಲೆಂಟುಗಳ ನಡುವೆ ಇರತಕ್ಕದ್ದೆಂಬುದೂ, ಮಿತಿ ಮೀರಿ ಏರಿದರೆ ಹೃದಯದ ಬಡಿತವೇ ತಾಳ ತಪ್ಪಿ ನಿಂತುಹೋಗಬಹುದೆಂಬುದೂ ನಿಮಗೆ ತಿಳಿದ ವಿಷಯ. ಇದಕ್ಕೆ ಪರಿಹಾರವಾಗಿ ಎಲ್ಲ ಪಠ್ಯಗಳೂ ಹೇಳುವುದೊಂದೇ: ತರಕಾರಿ ಸೊಪ್ಪುಗಳನ್ನು ಸಣ್ಣಗೆ ಹೆಚ್ಚಿ, ಹೇರಳವಾದ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು, ಉಳಿದುದನ್ನು ಉಣ್ಣಬೇಕು. ಪೊಟ್ಯಾಸಿಯಂ ನೀರಿನಲ್ಲಿ ಕರಗಿ ಹೊರಹೋಗುತ್ತದೆ. ನಮ್ಮ ವಿಭಾಗದ ಅಚ್ಚಾದ ಪಥ್ಯದ ಹಾಳೆಯಲ್ಲಿಯೂ ಹಾಗೆಯೇ ಇದ್ದಿತು. ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಬರುತ್ತಿದ್ದ ಮಂಡ್ಯದ ಕಡೆಯ ರೈತರೊಬ್ಬರು ಆ ಹಾಳೆಯನ್ನು ಅಕ್ಷರಶಃ ಪಾಲಿಸುತ್ತಿದ್ದರು. ಅವರ ಪತ್ನಿ ನಾವು ಕೇಳಿದ ಪ್ರಶ್ನೆಗಳಿಗೆಲ್ಲ ತಪ್ಪಿಲ್ಲದೆ ಉತ್ತರ ಹೇಳುತ್ತಿದ್ದರು. ಆದರೂ ಪ್ರತಿ ಬಾರಿಯೂ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಏರಿಯೇ ಇರುತ್ತಿತ್ತು. ಬಾಳೆಹಣ್ಣಿಲ್ಲ, ಎಳನೀರಿಲ್ಲ, ಕದ್ದು ತಿಂದದ್ದಿಲ್ಲ. ಆ ದಿನಗಳಲ್ಲಿ ನಮ್ಮಲ್ಲಿ ಇಂಟರ್ನ್ ಆಗಿದ್ದ, ನಾಗಮಂಗಲದ ಸೀಮೆಯಿಂದ ಬಂದ ಹುಡುಗಿಯೊಬ್ಬಳು ಆ ತಾಯಿಯ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತು, "ಬಸಿದ ಕಟ್ಟನ್ನ ಏನ್ ಮಾಡ್ತೀರಮ್ಮ?" ಎಂದು ಕೇಳಿದಳು. "ಬಸ್ಸಾರು ಮಾಡ್ತೀನಿ ಕಣವ್ವ, ಇನ್ನೇನು ಚೆಲ್ಲಕ್ಕಾಯ್ತದಾ?" ಎಂದು ಆಕೆ ಆಶ್ಚರ್ಯಪಟ್ಟರು.

ಹಳೆಯ ಮೈಸೂರಿನ ಯಾವ ಮನೆಯಲ್ಲಿ ತಾನೆ ಸೊಪ್ಪುಕಾಳಿನ ಕಟ್ಟನ್ನು ಚೆಲ್ಲುತ್ತಾರೆ? ಬಸಿದ ಸೊಪ್ಪು ಕಾಳು ಪಲ್ಯವಾಗುತ್ತದೆ, ಕಟ್ಟು ಖಾರದೊಡನೆ ಕುದಿದು ಸಾರಾಗುತ್ತದೆ, ಎರಡೂ ಮುದ್ದೆಯ ಪಕ್ಕಕ್ಕೆ ಬರುತ್ತವೆ. ಹೊರಗೆ ಹೋಗಲೆಂದು ನಾವು ನೀರಿಗೆ ಇಳಿಸಿದ ಪೊಟ್ಯಾಸಿಯಂ ಬಹುಭಾಗ ಅದೇ ತಟ್ಟೆಗೆ ಹಿಂತಿರುಗುತ್ತದೆ. ಬಸಿಯಬೇಕೆಂದು ಹಾಳೆಯಲ್ಲಿ ಇದ್ದಿತೇ ವಿನಾ ಚೆಲ್ಲಬೇಕೆಂದು ಇರಲಿಲ್ಲ. ಅದನ್ನು ಬೇರೆಯಾಗಿ ಹೇಳಬೇಕೆಂದು, ಬಸ್ಸಾರಿನ ಸಂಪ್ರದಾಯವೇ ಇಲ್ಲದ ಕಡೆ ರಚಿತವಾದ ಗ್ರಂಥಗಳಿಗೆ ಹೊಳೆಯುವ ಕಾರಣವೂ ಇರಲಿಲ್ಲ. ರೋಗಿ ತಪ್ಪು ಮಾಡಿರಲಿಲ್ಲ, ಶಾಸ್ತ್ರವೂ ತಪ್ಪು ಹೇಳಿರಲಿಲ್ಲ. ಇವರಿಬ್ಬರ ನಡುವೆ ನಿಂತು, ಈ ಮನೆಯಲ್ಲಿ ಬಸಿದ ನೀರು ಎಲ್ಲಿಗೆ ಹೋಗುತ್ತದೆಂದು ಕೇಳುವವರೊಬ್ಬರು ಬೇಕಾಗಿದ್ದರು. ಆ ಕೆಲಸಕ್ಕೆ ಹುಟ್ಟಿಕೊಂಡ ವೃತ್ತಿ ನಮ್ಮದು. ಆ ಹುಡುಗಿಗೆ ಬಸ್ಸಾರು ಹುಟ್ಟಿನಿಂದ ಬಂದ ಅರಿವು, ಪೊಟ್ಯಾಸಿಯಂ ಕಾಲೇಜಿನಿಂದ ಬಂದ ಅರಿವು. ಇವೆರಡೂ ಒಂದನ್ನೊಂದು ಸಂಧಿಸಿದ್ದು ಡಯಾಲಿಸಿಸ್ ವಾರ್ಡಿನ ಬೆಂಚಿನ ಮೇಲೆ. ಅವಳು ಆ ಬೆಂಚಿನವರೆಗೆ ಬಾರದೆ ಪದವಿಯೊಡನೆ ನಿಂತುಬಿಟ್ಟಿದ್ದರೆ, ಅವಳ ಎರಡು ತಿಳಿವಳಿಕೆಗಳೂ ಬೇರೆಬೇರೆಯಾಗಿಯೇ ಉಳಿದುಹೋಗುತ್ತಿದ್ದವು.

ಇಂತಹ ಸ್ಥಳಗಳು ಒಂದೆರಡಲ್ಲ. ಗೋಧಿಯ ಅಂಟು ಆಗದ ಸೀಲಿಯಾಕ್ ರೋಗದ ಮಗುವಿಗೆ ಚಪಾತಿ, ರವೆ, ಶಾವಿಗೆ ಎಲ್ಲವನ್ನೂ ನಿಲ್ಲಿಸಿದ ಮೇಲೂ ಹೊಟ್ಟೆನೋವು ನಿಲ್ಲಲಿಲ್ಲವಾದರೆ, ಅಂಗಡಿಯ ಇಂಗಿನ ಡಬ್ಬಿಯನ್ನು ತಿರುಗಿಸಿ ಓದಬೇಕು. ಬೆರಕೆ ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರುವುದು ಸಾಮಾನ್ಯ. ಸಕ್ಕರೆ ಕಾಯಿಲೆಯವರಿಗೆ ಅನ್ನ ಬಿಡಿಸಿ ರಾಗಿ ಹಿಡಿಸಿದರೆ ಸಾಕೆಂಬ ನಂಬಿಕೆ ನಾಡಿನಲ್ಲಿ ಬೇರೂರಿದೆ; ರಾಗಿಯಲ್ಲಿ ನಾರೂ ಸುಣ್ಣಾಂಶವೂ ಹೇರಳವಾಗಿರುವುದು ನಿಜವೇ ಆದರೂ, ನೂರು ಗ್ರಾಂ ಹಿಟ್ಟಿನಲ್ಲಿ ಎಪ್ಪತ್ತು ಗ್ರಾಮಿನಷ್ಟು ಶರ್ಕರಪಿಷ್ಟವೂ ಇರುತ್ತದೆ, ನುಣ್ಣಗೆ ಬೀಸಿ ಚೆನ್ನಾಗಿ ಬೇಯಿಸಿದ ದೊಡ್ಡ ಮುದ್ದೆ ಎರಡನ್ನು ಉಂಡವರ ರಕ್ತದಲ್ಲಿ ಸಕ್ಕರೆ ಏರದೆ ಇರುವುದಿಲ್ಲ. ರಕ್ತದೊತ್ತಡದವರಿಗೆಂದು ಮಾರುವ ಕಡಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಸ್ಥಾನವನ್ನು ಪೊಟ್ಯಾಸಿಯಂ ಕ್ಲೋರೈಡ್ ಆಕ್ರಮಿಸಿರುತ್ತದೆ. ಒಬ್ಬರಿಗೆ ಹಿತವಾದ ಅದೇ ಪೊಟ್ಟಣ ಮೂತ್ರಪಿಂಡದ ರೋಗಿಗೆ ವಿಷಪ್ರಾಯ. ಎಲ್ಲಕ್ಕಿಂತ ಭಯಂಕರವಾದುದು ಬಹುದಿನ ಅನ್ನವಿಲ್ಲದೆ ಸೊರಗಿದವರ ಸ್ಥಿತಿ. ಅಯ್ಯೋ ಪಾಪವೆಂದು ಮೊದಲ ದಿನವೇ ಹೊಟ್ಟೆ ತುಂಬ ಉಣ್ಣಿಸಿದರೆ, ಒಮ್ಮೆಲೇ ಏರಿದ ಇನ್ಸುಲಿನ್ನಿನ ಸೆಳೆತಕ್ಕೆ ರಕ್ತದಲ್ಲಿದ್ದ ಅಲ್ಪಸ್ವಲ್ಪ ಫಾಸ್ಫೇಟು, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಜೀವಕೋಶಗಳ ಒಳಕ್ಕೆ ಸರಿದು, ಹಸಿವೆಯನ್ನು ಗೆದ್ದು ಬಂದ ಮನುಷ್ಯ ಊಟದಿಂದ ಸಾಯಬಹುದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಯಾದ ಸೆರೆಯಾಳುಗಳಲ್ಲಿ ಕಂಡ ಈ ವಿಪತ್ತನ್ನು ತಪ್ಪಿಸಲೆಂದೇ, ಅಂತಹವರಿಗೆ ಥಯಾಮಿನ್ ಕೊಟ್ಟು, ಕಿಲೋ ತೂಕಕ್ಕೆ ದಿನವೊಂದಕ್ಕೆ ಹತ್ತು ಕಿಲೋಕ್ಯಾಲೊರಿಯಷ್ಟರಿಂದ ಆರಂಭಿಸಿ, ರಕ್ತಪರೀಕ್ಷೆಗಳನ್ನು ನೋಡಿಕೊಂಡು ದಿನದಿನಕ್ಕೆ ಏರಿಸುವ ಕ್ರಮವಿದೆ. ಕರುಣೆಯೊಡನೆ ಲೆಕ್ಕವೂ ಕೈಗೂಡಬೇಕಾದ ವಿದ್ಯೆ ಇದು. ಪಥ್ಯ ಹೇಳುವುದು ಅಪಾಯವಿಲ್ಲದ ಕೆಲಸ, ತಪ್ಪಿದರೆ ತೂಕ ಇಳಿಯದೆ ಇರಬಹುದು ಅಷ್ಟೆ ಎಂದು ಭಾವಿಸಿ ಬೋರ್ಡು ಹಾಕುವವರನ್ನು ಕಂಡಾಗ ನನಗೆ ಕಳವಳವಾಗುವುದು ಇದರಿಂದಲೇ.

ಇಂಟರ್ನ್‌ಷಿಪ್ಪಿನ ದಿನ ಹೇಗಿರುತ್ತದೆಂದು ಕೇಳುವಿರಾದರೆ, ಅದು ಬೆಳಗಿನ ಜಾವ ಅಡುಗೆಮನೆಯಲ್ಲಿಯೇ ಮೊದಲಾಗುತ್ತದೆ. ಹಿಂದಿನ ದಿನದ ಇಂಡೆಂಟಿಗೂ ಇಂದು ಬಂದ ತರಕಾರಿಗೂ ತಾಳೆ ನೋಡುವುದು, ಉಪ್ಪಿಲ್ಲದ ಊಟವೆಷ್ಟು, ಮೆತ್ತನೆಯ ಊಟವೆಷ್ಟು, ದ್ರವಾಹಾರವೆಷ್ಟು ಎಂದು ವಾರ್ಡುವಾರು ಎಣಿಸುವುದು, ಮೂಗಿನ ಮೂಲಕ ರೈಲ್ಸ್ ಟ್ಯೂಬಿನಲ್ಲಿ ಇಳಿಸತಕ್ಕ ಆಹಾರವನ್ನು ಶುಚಿಯಾಗಿ ಅರೆದು, ಸೋಸಿ, ಅಳೆದು, ಹೊತ್ತಿಗೆ ಸರಿಯಾಗಿ ಕಳುಹಿಸುವುದು, ಟ್ರಾಲಿಯ ಹಿಂದೆ ನಡೆದು ಯಾವ ಹಾಸಿಗೆಗೆ ಯಾವ ತಟ್ಟೆ ಹೋಯಿತೆಂದು ನೋಡುವುದು, ಊಟವಾದ ಮೇಲೆ ಹಿಂದಿರುಗಿ ಬಂದ ತಟ್ಟೆಗಳನ್ನು ನೋಡುವುದು. ಈ ಕೊನೆಯದನ್ನು ಕೀಳಾದ ಕೆಲಸವೆಂದು ಎಣಿಸಬೇಡಿರಿ. ಅರವತ್ತು ಗ್ರಾಂ ಪ್ರೋಟೀನಿನ ಊಟವನ್ನು ಕಾಗದದ ಮೇಲೆ ಯಾರಾದರೂ ಯೋಜಿಸಬಹುದು. ತಟ್ಟೆಯಲ್ಲಿ ಬೇಳೆಯೂ ಮೊಟ್ಟೆಯೂ ಹಾಗೆಯೇ ಉಳಿದು ಬಂದಿದ್ದರೆ ರೋಗಿಗೆ ದೊರೆತದ್ದು ಎಷ್ಟೆಂಬುದನ್ನು ತಟ್ಟೆಯೇ ಹೇಳಬೇಕು. ಅನಂತರ ವೈದ್ಯರ ರೌಂಡ್ಸ್. ಅಲ್ಲಿ ಕೇಸ್ ಶೀಟಿನಲ್ಲಿ ನಿಮ್ಮ ಬರಹಕ್ಕೆ ಸ್ಥಳ ಸಿಗಬೇಕಾದರೆ ನೀವು ಕ್ರಿಯಾಟಿನಿನ್, ಆಲ್ಬುಮಿನ್, ಔಷಧಗಳ ಹೆಸರು ಇವುಗಳನ್ನು ಓದಿ ಅರ್ಥಮಾಡಿಕೊಂಡು ಮಾತನಾಡಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುತ್ತಿರುವವರಿಗೆ ಸೊಪ್ಪು ಒಂದು ವಾರ ಹೆಚ್ಚು ಒಂದು ವಾರ ಇಲ್ಲವೆಂಬಂತಾದರೆ ಔಷಧದ ಅಳತೆಯೇ ಕೆಡುತ್ತದೆಂದು ಗೊತ್ತಿದ್ದವರ ಮಾತಿಗೆ ವೈದ್ಯರು ಕಿವಿಗೊಡುವರು.

ಆಸ್ಪತ್ರೆಯ ಒಂದು ವಾರ್ಡಿನಲ್ಲಿ ಇಡೀ ಕರ್ನಾಟಕವೇ ಮಲಗಿರುತ್ತದೆಂಬುದನ್ನು ನೀವು ಅಲ್ಲಿ ಕಾಣುವಿರಿ. ಕಲಬುರಗಿಯವರಿಗೆ ಜೋಳದ ರೊಟ್ಟಿ ಇಲ್ಲದ ಊಟ ಊಟವಲ್ಲ; ಕರಾವಳಿಯವರಿಗೆ ಕುಚ್ಚಲಕ್ಕಿಯ ಗಂಜಿಯೇ ಔಷಧ; ಬಾಣಂತಿಗೆ ನೀರನ್ನೇ ಅಳೆದು ಕೊಡುವ ಮನೆಯೂ ಇದೆ, ಕೋಳಿಸಾರು ಕೊಡುವ ಮನೆಯೂ ಇದೆ. ಇಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಸಸ್ಯಾಹಾರದ ಮನೆಗಳಿಂದ ಬಂದ ಅನೇಕ ವಿದ್ಯಾರ್ಥಿನಿಯರು ಮಾಂಸ, ಮೀನು, ಒಣಮೀನು, ಕರುಳು, ಈಲಿಗಳ ವಿಚಾರವನ್ನು ಕೇಳುವಾಗ ಮುಖವನ್ನು ಸ್ವಲ್ಪ ಕಿರಿದು ಮಾಡಿಕೊಳ್ಳುವರು. ಅದನ್ನು ಕಂಡ ರೋಗಿ ಆ ಕ್ಷಣದಿಂದ ತಾನು ಉಣ್ಣುವುದನ್ನು ಬಚ್ಚಿಡತೊಡಗುವನು. ಬಚ್ಚಿಟ್ಟ ಆಹಾರಕ್ಕೆ ಪಥ್ಯ ಹೇಳುವುದು ಯಾರಿಂದಲೂ ಆಗದು. ರಕ್ತಹೀನತೆಯಿಂದ ಬಿಳಿಚಿಕೊಂಡ ಹೆಣ್ಣುಮಗಳಿಗೆ ಅವಳ ಊರಿನಲ್ಲಿಯೇ ಅಗ್ಗವಾಗಿ ಸಿಗುವ ಈಲಿಯನ್ನು ಹೇಳದೆ, ಅವಳು ಕೊಳ್ಳಲಾರದ ಖರ್ಜೂರ ಬಾದಾಮಿಗಳನ್ನು ಹೇಳಿ ಕಳುಹಿಸುವುದು ವಿದ್ಯೆಗೆ ಮಾಡಿದ ದ್ರೋಹವೆಂದೇ ನನ್ನ ಅಭಿಪ್ರಾಯ. ಯಾರ ತಟ್ಟೆಯನ್ನೂ ಹೀನಾಯವಾಗಿ ನೋಡದ ಕಣ್ಣು ಪರೀಕ್ಷೆಯಿಂದ ಬರುವುದಿಲ್ಲ. ನೂರಾರು ಜನರ ಪಕ್ಕದಲ್ಲಿ ಕುಳಿತು ಕೇಳಿ ಕೇಳಿ ಬರುತ್ತದೆ.

ಆಹಾರಕ್ಕೆ ಇರುವ ಶಕ್ತಿಯನ್ನು ಕುರಿತು ನಿಮಗೆ ಸಂದೇಹ ಬಂದಾಗ, ನಮ್ಮ ನಾಡಿನವರೇ ಮಾಡಿದ ಒಂದು ಅಧ್ಯಯನವನ್ನು ತೆಗೆದು ಓದಿರಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಅವರ ಸಂಗಡಿಗರು ಜಾರ್ಖಂಡದಲ್ಲಿ ಕ್ಷಯರೋಗಿಗಳ ಮನೆಯವರಿಗೆ ತಿಂಗಳ ದಿನಸಿಯನ್ನು ಕೊಟ್ಟು ನೋಡಿದರು. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಹೀಗೆ ಹೆಚ್ಚಿನ ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಹತ್ತುವುದು ಶೇಕಡಾ 39ರಿಂದ 48ರಷ್ಟು ಕಡಮೆಯಾಯಿತು. ಅಕ್ಕಿ, ಬೇಳೆ, ಅದರ ಜೊತೆಗೆ ಒಂದಿಷ್ಟು ವಿಟಮಿನ್ ಮಾತ್ರೆ! ನಮ್ಮ ವೃತ್ತಿಯ ಗೌರವವನ್ನು ಸಾರಲು ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕೆನಿಸುವುದಿಲ್ಲ.

ಕಾನೂನೂ ಈಗ ಬದಲಾಗುತ್ತಿದೆ. ಐಡಿಎಯ ನೋಂದಣಿಯು ವೃತ್ತಿಯವರು ತಮಗೆ ತಾವೇ ವಿಧಿಸಿಕೊಂಡ ಶಿಸ್ತು; ಅದಿಲ್ಲದವರನ್ನು ತಡೆಯುವ ಅಧಿಕಾರ ಸಂಘಕ್ಕೆ ಇರಲಿಲ್ಲ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹವೈದ್ಯಕೀಯ ಹಾಗೂ ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ಡಯಟೀಷಿಯನ್ನರನ್ನೂ ನ್ಯೂಟ್ರಿಷನಿಸ್ಟರನ್ನೂ ತನ್ನ ಅನುಸೂಚಿಯಲ್ಲಿ ಹೆಸರಿಸಿ, ಕೇಂದ್ರದಲ್ಲಿಯೂ ರಾಜ್ಯಗಳಲ್ಲಿಯೂ ವೃತ್ತಿಪರರ ದಾಖಲೆಪುಸ್ತಕ ಇರತಕ್ಕದ್ದೆಂದು ವಿಧಿಸಿದೆ. ಆರೋಗ್ಯಸೇವಾ ವೃತ್ತಿಪರರೆನಿಸಿಕೊಳ್ಳಲು ಮೂರರಿಂದ ಆರು ವರ್ಷಗಳಲ್ಲಿ ಕನಿಷ್ಠ 3,600 ಗಂಟೆಗಳ ಶಿಕ್ಷಣವಾಗಿರಬೇಕೆಂಬುದು ಆ ಕಾಯಿದೆಯ ಮಾತು. 2025ರ ಜುಲೈ-ಆಗಸ್ಟ್ ಪ್ರವೇಶಾವಧಿಯಿಂದ ಪೋಷಣಶಾಸ್ತ್ರ, ಡಯಟಿಟಿಕ್ಸ್ ಮೊದಲಾದ ವಿಷಯಗಳನ್ನು ದೂರಶಿಕ್ಷಣದ ಮೂಲಕವಾಗಲಿ ಆನ್‌ಲೈನಿನಲ್ಲಾಗಲಿ ಕಲಿಸಕೂಡದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವೂ ಆದೇಶಿಸಿದೆ. ಇವೆಲ್ಲ ಪೂರ್ಣವಾಗಿ ನೆಲೆಗೊಳ್ಳಲು ಕಾಲ ಹಿಡಿಯಬಹುದು. ಆದರೆ ದಿಕ್ಕು ಯಾವುದೆಂಬುದರಲ್ಲಿ ಸಂಶಯವಿಲ್ಲ. ಇಂದು ಅಡ್ಡದಾರಿ ಹಿಡಿದವರು ನಾಳೆ ದಾಖಲೆಪುಸ್ತಕದ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾದೀತು. ಹೊರದೇಶಕ್ಕೆ ಹೋಗುವ ಯೋಚನೆಯುಳ್ಳವರಿಗೂ ಇದೇ ಮಾತು: ಅಮೆರಿಕದಲ್ಲಿ 2024ರ ಜನವರಿ 1ರಿಂದ ನೋಂದಣಿಯ ಪರೀಕ್ಷೆಗೆ ಕೂರಲು ಸ್ನಾತಕೋತ್ತರ ಪದವಿಯೇ ಬೇಕಾಗಿದೆ, ಅದರ ಮೇಲೆ ಸಾವಿರ ಗಂಟೆಗಳಷ್ಟು ಮೇಲ್ವಿಚಾರಣೆಯ ಅಭ್ಯಾಸವೂ ಆಗಿರಬೇಕು.

ಈಗ ನಿಮ್ಮ ಕಷ್ಟದ ಮಾತು. ಇಂಟರ್ನ್‌ಗಳಿಗೆ ಅನೇಕ ಆಸ್ಪತ್ರೆಗಳು ಒಂದು ಕಾಸನ್ನೂ ಕೊಡುವುದಿಲ್ಲ. ಕೆಲವೆಡೆ ಕಲಿಯಲು ಬಂದವರಿಂದಲೇ ಶುಲ್ಕ ಪಡೆಯುವ ರೂಢಿಯೂ ಇದೆ. ದೊಡ್ಡ ಆಸ್ಪತ್ರೆಗಳಿರುವುದು ದೊಡ್ಡ ಊರುಗಳಲ್ಲಿ. ಕೊಪ್ಪಳದಿಂದಲೋ ಚಾಮರಾಜನಗರದಿಂದಲೋ ಬಂದ ಹುಡುಗಿ ಬೆಂಗಳೂರಿನಲ್ಲಿ ಪಿ.ಜಿ.ಗೆ ಬಾಡಿಗೆ ಕಟ್ಟಿ, ಮುಂಜಾನೆ ಬಸ್ಸು ಹಿಡಿದು, ಇತರರ ಊಟದ ಲೆಕ್ಕ ಹಾಕುತ್ತ ತನ್ನ ಊಟವನ್ನು ಬಿಸ್ಕತ್ತಿನಲ್ಲಿ ಮುಗಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದು ಅನ್ಯಾಯ. ಈ ಪತ್ರ ಆಸ್ಪತ್ರೆಗಳ ಆಡಳಿತದವರ ಕಣ್ಣಿಗೂ ಬೀಳುವುದೆಂಬ ಆಸೆಯಿಂದ ಹೇಳುತ್ತೇನೆ: ನಿಮ್ಮ ವಾರ್ಡುಗಳಲ್ಲಿ ಅರ್ಧದಷ್ಟು ಕೆಲಸವನ್ನು ಹೊರುವ ಈ ಮಕ್ಕಳಿಗೆ ಕನಿಷ್ಠಪಕ್ಷ ಎರಡು ಹೊತ್ತಿನ ಊಟವನ್ನೂ ಬಾಡಿಗೆಗೆ ಆಗುವಷ್ಟು ಭತ್ಯವನ್ನೂ ಕೊಡುವುದು ನಿಮ್ಮ ಕರ್ತವ್ಯ. ಕಾಲೇಜುಗಳು ಜಿಲ್ಲಾ ಆಸ್ಪತ್ರೆಗಳೊಡನೆ ಒಪ್ಪಂದ ಮಾಡಿಕೊಂಡು, ಅಲ್ಲಿ ಅರ್ಹರಾದ ಡಯಟೀಷಿಯನ್ನರ ಹುದ್ದೆಗಳನ್ನು ತುಂಬುವಂತೆ ಸರ್ಕಾರವನ್ನು ಒತ್ತಾಯಿಸಿದರೆ, ಊರು ಬಿಡುವ ಕಷ್ಟ ಬಹುಮಟ್ಟಿಗೆ ತಗ್ಗುವುದು. ನೀವಾದರೂ ಈ ಬೇಡಿಕೆಯನ್ನು ಒಬ್ಬೊಬ್ಬರಾಗಿ ಗೊಣಗದೆ ಒಟ್ಟಾಗಿ, ಲಿಖಿತವಾಗಿ ಮುಂದಿಡಿರಿ. ನಿಮ್ಮ ಹಿರಿಯರಾದ ನಾವು ಅದಕ್ಕೆ ಸಹಿ ಹಾಕುತ್ತೇವೆ.

ಮಗಳ ಓದು ಇನ್ನೆಷ್ಟು ದಿನವೆಂದು ಕೇಳುವ ತಂದೆತಾಯಿಗಳಿಗೆ, ಬಸ್ಸಾರಿನ ಪ್ರಸಂಗವನ್ನು ಬೇಕಾದರೆ ಓದಿ ಹೇಳಿರಿ. ಮನೆಯ ಅಡುಗೆಯನ್ನು ಬಲ್ಲ ಹುಡುಗಿಗೆ ಆಸ್ಪತ್ರೆಯಲ್ಲಿ ಏನು ಕೆಲಸವೆಂಬ ಅವರ ಪ್ರಶ್ನೆಗೆ ಅಲ್ಲಿ ಉತ್ತರವಿದೆ.

ಕೊನೆಯದಾಗಿ, ಈ ವರ್ಷವೇ ಮಾಡಬೇಕಾದ ಕೆಲಸಗಳು. ಸೇರಬೇಕೆಂದಿರುವ ಸ್ನಾತಕೋತ್ತರ ಕೋರ್ಸು ನೋಂದಣಿಗೆ ಸಲ್ಲುವುದೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿರಿ. ಕಟ್ಟಿದ ಮೇಲೆ ವಿಚಾರಿಸಿ ಕಣ್ಣೀರಿಟ್ಟವರುಂಟು. ಆಸ್ಪತ್ರೆಯನ್ನು ಆರಿಸಿಕೊಳ್ಳುವಾಗ ಕಟ್ಟಡದ ಬೆಡಗನ್ನು ನೋಡದೆ, ಅಲ್ಲಿ ಡಯಾಲಿಸಿಸ್, ತೀವ್ರನಿಗಾ ಘಟಕ, ಮಕ್ಕಳ ವಾರ್ಡು, ಸುಟ್ಟಗಾಯಗಳ ವಾರ್ಡು ಇವೆಯೇ, ಇಂಟರ್ನ್‌ಗಳನ್ನು ಅವೆಲ್ಲ ಕಡೆಗೂ ಸರದಿಯಲ್ಲಿ ಕಳುಹಿಸುವರೇ, ಅವರ ಮೇಲೆ ನೋಂದಾಯಿತ ಡಯಟೀಷಿಯನ್ ಒಬ್ಬರಾದರೂ ಇದ್ದಾರೆಯೇ ಎಂದು ಕೇಳಿರಿ. ಸರದಿಯ ಪಟ್ಟಿಯನ್ನು ಸೇರುವ ದಿನವೇ ಕಾಗದದಲ್ಲಿ ಪಡೆಯಿರಿ. ಇಲ್ಲವಾದರೆ ಹೊರರೋಗಿಗಳ ತೂಕ ಬರೆದುಕೊಳ್ಳುವ ಮೇಜಿನಲ್ಲಿಯೇ ಅವಧಿಯೆಲ್ಲ ಕಳೆದುಹೋಗುವುದುಂಟು. ನೀವು ಕಂಡ ಪ್ರತಿಯೊಬ್ಬ ರೋಗಿಯ ವಿವರವನ್ನೂ, ಹೆಸರು ಬಿಟ್ಟು, ಒಂದು ನೋಟುಪುಸ್ತಕದಲ್ಲಿ ಬರೆಯಿರಿ: ಕಾಯಿಲೆ, ರಕ್ತಪರೀಕ್ಷೆ, ಮನೆಯಲ್ಲಿ ಅಡುಗೆ ಮಾಡುವವರು ಯಾರು, ಯಾವ ಎಣ್ಣೆ, ಪಡಿತರದಲ್ಲಿ ಬಂದದ್ದೇನು, ನೀವು ಹೇಳಿದ ಪಥ್ಯವೇನು, ಮರಳಿ ಬಂದಾಗ ನಡೆದದ್ದೇನು. ಪರೀಕ್ಷೆಗೆ ಓದಲು ಅದಕ್ಕಿಂತ ಒಳ್ಳೆಯ ಪುಸ್ತಕ ನಿಮಗೆ ಅಂಗಡಿಯಲ್ಲಿ ಸಿಗಲಾರದು. ಆ ನೋಟುಪುಸ್ತಕಗಳನ್ನು ಒಟ್ಟುಗೂಡಿಸಿ, ನಮ್ಮ ಜಿಲ್ಲೆಜಿಲ್ಲೆಯ ಅಡುಗೆಗೆ ಹೊಂದುವ ಪಥ್ಯದ ಹಾಳೆಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸವೊಂದನ್ನು ನಾವು ಕೆಲವರು ಆರಂಭಿಸಬೇಕೆಂದಿದ್ದೇವೆ. ಮೂತ್ರಪಿಂಡದ ರೋಗಿಗಳ ಹಾಳೆ ಮೊದಲಿನದು. ಅದಕ್ಕೆ ನಿಮ್ಮ ಬರಹಗಳು ಬೇಕಾಗಿವೆ.

ಇತಿ,
ನಿಮ್ಮ ಹಿರಿಯ ವೃತ್ತಿಬಾಂಧವಳು